ಪೀಟರ್‌ಮಾರಿಟ್ಸ್‌ಬರ್ಗ್‌ನಿಂದ ಕಡಲಿನವರೆಗೆ: ಕಾಮ್ರೇಡ್ಸ್‌ನ ಇಳಿಯುವ ದಾರಿ

1893ರ ಜೂನ್ 7ರ ರಾತ್ರಿ ಡರ್ಬನ್‌ನಿಂದ ಬಂದ ರೈಲಿನಿಂದ ಗಾಂಧೀಜಿಯನ್ನು ಹೊರದಬ್ಬಿದ್ದು ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ. ಓವರ್‌ಕೋಟು ಸಾಮಾನಿನ ಜೊತೆಗೇ ಹೋಗಿತ್ತು. ವೇಟಿಂಗ್ ರೂಮಿನಲ್ಲಿ ರಾತ್ರಿಯೆಲ್ಲ ನಡುಗುತ್ತ ಕೂತಿದ್ದರು. ದಕ್ಷಿಣ ಆಫ್ರಿಕಾದಲ್ಲಿ ಜೂನ್ ಎಂದರೆ ನಡು ಚಳಿಗಾಲ, ಆ ಚಳಿ ಈ ಊರಿನಲ್ಲಿ ಈಗಲೂ ಹಾಗೇ ಇದೆ. ಈ ಊರಿಗೂ ಕಡಲತೀರದ ಡರ್ಬನ್‌ಗೂ ನಡುವಿನ ಸುಮಾರು 90 ಕಿಲೋಮೀಟರಿನ ಓಟ ಕಾಮ್ರೇಡ್ಸ್ ಮ್ಯಾರಥಾನ್, ಸಾಮಾನ್ಯವಾಗಿ ನಡೆಯುವುದು ಜೂನ್‌ನಲ್ಲೇ. ಓಟ ಇಲ್ಲಿಂದ ಹೊರಡುವ ವರ್ಷಗಳಲ್ಲಿ ಸಾವಿರಾರು ಮಂದಿ ನಸುಕಿನಲ್ಲಿ ಕೆಂಪು ಇಟ್ಟಿಗೆಯ ಸಿಟಿ ಹಾಲ್ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಾರೆ. ಅವರ ಮೈಮೇಲಿರುವುದು ತೆಳು ಬನಿಯನ್ನು, ಚಡ್ಡಿ. ಅದಕ್ಕೇ ಅನುಭವಿಗಳು ಬಿಸಾಡಬಹುದಾದ ಹಳೆಯ ಸ್ವೆಟರ್ ತರುತ್ತಾರೆ, ಇಲ್ಲವೇ ದೊಡ್ಡ ಕಸದ ಚೀಲಕ್ಕೆ ಕತ್ತು, ಕೈಗಳಿಗೆ ತೂತು ಮಾಡಿ ಹಾಕಿಕೊಳ್ಳುತ್ತಾರೆ. ಮೊದಲ ನಾಲ್ಕೈದು ಕಿಲೋಮೀಟರ್ ಅದನ್ನು ತೆಗೆಯುವ ಅವಸರ ಬೇಡ. ಬೆವರು ಒಡೆಯುವ ಮೊದಲೇ ತೆಗೆದರೆ ಸೆಟೆದ ಸ್ನಾಯುಗಳಲ್ಲೇ ಮೊದಲ ಇಳಿಜಾರಿಗೆ ಇಳಿಯಬೇಕಾಗುತ್ತದೆ.

ಈ ಓಟವನ್ನು ಶುರು ಮಾಡಿದವರು ವಿಕ್ ಕ್ಲಾಫಮ್. ಮೊದಲ ಮಹಾಯುದ್ಧದಲ್ಲಿ ಹೋರಾಡಿ ಬಂದ ರೈಲು ಚಾಲಕ. ಜೊತೆಯಲ್ಲಿ ನಡೆದು ಸತ್ತವರ ನೆನಪಿಗೆ ಅಷ್ಟೇ ಕಷ್ಟದ ಏನಾದರೊಂದು ಇರಬೇಕು ಎಂಬುದು ಅವರ ಹಟ. 1921ರ ಮೇ 24ರಂದು 34 ಜನ ಪೀಟರ್‌ಮಾರಿಟ್ಸ್‌ಬರ್ಗ್‌ನಿಂದ ಡರ್ಬನ್ ಕಡೆಗೆ ಹೊರಟರು, ಗುರಿ ಮುಟ್ಟಿದ್ದು 16 ಮಂದಿ. ಗೆದ್ದ ಬಿಲ್ ರೋವನ್‌ಗೆ 8 ಗಂಟೆ 59 ನಿಮಿಷ ಹಿಡಿಯಿತು. ನಂತರ ದಿಕ್ಕು ಬದಲಿಸುವುದು ವಾಡಿಕೆಯಾಯಿತು. ಒಂದು ವರ್ಷ ಕಡಲಿನಿಂದ ಏರುವ ಓಟ, ಇನ್ನೊಂದು ವರ್ಷ ಕಡಲಿಗೆ ಇಳಿಯುವ ಓಟ. ಇಳಿಯುವುದು ಸುಮಾರು 90 ಕಿಲೋಮೀಟರ್, ಏರುವುದು ಮೂರ್ನಾಲ್ಕು ಕಿಲೋಮೀಟರ್ ಕಡಿಮೆ.

ಹೊಸಬರು ಇಳಿಯುವ ಓಟವನ್ನೇ ಆರಿಸಿಕೊಳ್ಳುವುದು ಸಹಜ. ಆದರೆ ಆ ಹೆಸರು ನಂಬಿ ಕೆಟ್ಟವರು ಬಹಳ. ಇಳಿಯುವ ವರ್ಷದಲ್ಲೂ ದಾರಿಯಲ್ಲಿ ಸಾವಿರ ಮೀಟರಿಗಿಂತ ಹೆಚ್ಚು ಏರುವುದಿದೆ, ಅದೂ ಬಹುಪಾಲು ಮೊದಲರ್ಧದಲ್ಲಿ. ಮುಖ್ಯ ಇಳಿಜಾರೆಲ್ಲ ಕಾಲು ಸೋತ ಮೇಲೆ ಬರುತ್ತದೆ. ಏರುವ ಓಟ ಉಸಿರನ್ನು ಪರೀಕ್ಷಿಸಿದರೆ, ಇಳಿಯುವ ಓಟ ತೊಡೆಯ ಮುಂಭಾಗದ ಸ್ನಾಯುವನ್ನು ಪರೀಕ್ಷಿಸುತ್ತದೆ. ಇಳಿಯುವಾಗ ಆ ಸ್ನಾಯು ಬಿಗಿದುಕೊಂಡೇ ಉದ್ದವಾಗಬೇಕು. ಪ್ರತಿ ಹೆಜ್ಜೆಗೂ ಮೈಭಾರಕ್ಕೆ ಬ್ರೇಕು ಹಾಕುವ ಕೆಲಸ ಅದರದು, ಆಗ ಎಳೆಗಳು ಒಂದಿಷ್ಟು ಹರಿಯುತ್ತವೆ. ದಮ್ಮು ಚೆನ್ನಾಗಿದ್ದೂ, ಹೊಟ್ಟೆ ಸರಿಯಿದ್ದೂ 70ನೇ ಕಿಲೋಮೀಟರಿನಲ್ಲಿ ಕಾಲು ಮಡಚಲಾಗದೆ ಮರದ ಕೊರಡಿನಂತೆ ನಡೆಯುವವರು ಕಾಣುವುದು ಇದರಿಂದಲೇ.

ಇದಕ್ಕೆ ಮದ್ದು ಅಭ್ಯಾಸದಲ್ಲಿದೆ. ಒಮ್ಮೆ ಇಳಿಜಾರಿನಲ್ಲಿ ನೊಂದ ಸ್ನಾಯು ಮುಂದಿನ ಕೆಲವು ವಾರ ಅದೇ ಹೊಡೆತವನ್ನು ಬಹಳ ಕಡಿಮೆ ನೋವಿನಲ್ಲಿ ತಡೆದುಕೊಳ್ಳುತ್ತದೆ. ಓಟಕ್ಕೆ ಹತ್ತು ವಾರ ಇರುವಾಗ ನೂರು ಮೀಟರಿಗೆ ನಾಲ್ಕೈದು ಮೀಟರ್ ಇಳಿಯುವ ರಸ್ತೆ ಹುಡುಕಿ, ವಾರಕ್ಕೊಮ್ಮೆ ಎರಡು ಕಿಲೋಮೀಟರ್ ಇಳಿಯುವುದರಿಂದ ಆರಂಭಿಸಿ. ಮೆಲ್ಲಗೆ ಆರೇಳಕ್ಕೆ ಏರಿಸಿ. ಕೊನೆಯ ಜೋರಿನ ಇಳಿಜಾರು ಓಟಕ್ಕೆ ಮೂರು ವಾರ ಮುಂಚೆ ಮುಗಿದಿರಬೇಕು, ಆಮೇಲೆ ಮಾಡಿದರೆ ನೋವನ್ನು ಹೊತ್ತುಕೊಂಡೇ ವಿಮಾನ ಹತ್ತುತ್ತೀರಿ. ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ, ನಿಮಿಷಕ್ಕೆ 170-180. ಪಾದ ಸೊಂಟದ ಕೆಳಗೇ ಬೀಳಲಿ. ಹಿಂದಕ್ಕೆ ವಾಲಿ ಹಿಮ್ಮಡಿ ಊರಿ ತಡೆಯುತ್ತ ಹೋದರೆ ಬ್ರೇಕಿನ ಭಾರವೆಲ್ಲ ಮೊಣಕಾಲಿಗೆ. ಹೆಚ್ಚಿನವರಿಗೆ ಅತಿ ಉದ್ದದ ಓಟ 50-60 ಕಿಲೋಮೀಟರ್ ಸಾಕು, ಅದೂ ಐದಾರು ವಾರ ಮುಂಚೆ.

ಪ್ರವೇಶಕ್ಕೆ 42 ಕಿಲೋಮೀಟರಿನ ಅರ್ಹತಾ ಮ್ಯಾರಥಾನ್ ಮುಗಿಸಿರಬೇಕು. ಈಚಿನ ವರ್ಷಗಳಲ್ಲಿ ಅದರ ಮಿತಿ 4 ಗಂಟೆ 50 ನಿಮಿಷ. ಇಲ್ಲೊಂದು ಲೆಕ್ಕ ಮಾಡಿ ನೋಡಬೇಕು. ಹವ್ಯಾಸಿಗಳ ಕಾಮ್ರೇಡ್ಸ್ ಸಮಯ ಮ್ಯಾರಥಾನ್ ಸಮಯದ ಎರಡೂವರೆ ಪಟ್ಟಿನ ಆಸುಪಾಸು ಇರುತ್ತದೆ. 4:30ರವರಿಗೆ 11 ಗಂಟೆ 15 ನಿಮಿಷ. 4:50ರವರಿಗೆ 12 ಗಂಟೆ 5 ನಿಮಿಷ, ಅಂದರೆ 12 ಗಂಟೆಯ ಗಡುವು ದಾಟಿ ಐದು ನಿಮಿಷ. ಅರ್ಹತೆಯ ಅಂಚಿನಲ್ಲಿ ಬಂದವರು ಒಂದೂ ತಪ್ಪು ಮಾಡುವ ಹಾಗಿಲ್ಲ. ಅರ್ಹತಾ ಸಮಯದ ಮೇಲೆಯೇ ಆರಂಭದ ಸಾಲಿನಲ್ಲಿ ನಿಮ್ಮ ಗುಂಪು ನಿಗದಿಯಾಗುತ್ತದೆ, ಹಿಂದಿನ ಗುಂಪಿನವರು ಗೆರೆ ದಾಟುವಷ್ಟರಲ್ಲಿ ಏಳೆಂಟು ನಿಮಿಷ ಕಳೆದಿರುತ್ತದೆ. ಇಲ್ಲಿ ಗಡಿಯಾರ ಓಡುವುದು ಆರಂಭದ ಗುಂಡಿನಿಂದ ಕೊನೆಯ ಗುಂಡಿಗೆ, ಕಾಲಿಗೆ ಕಟ್ಟಿದ ಸಮಯ ಅಳೆಯುವ ಚಿಪ್‌ನಿಂದಲ್ಲ. 90 ಕಿಲೋಮೀಟರಿಗೆ 12 ಗಂಟೆ ಎಂದರೆ ಕಿಲೋಮೀಟರಿಗೆ ಸರಿಯಾಗಿ 8 ನಿಮಿಷ. ಆರಂಭದ ಎಂಟು ನಿಮಿಷ, ಶೌಚ ಮತ್ತು ನೀರಿನ ನಿಲುಗಡೆಗೆ ಹತ್ತು ನಿಮಿಷ ಕಳೆದರೆ ಉಳಿಯುವುದು 7 ನಿಮಿಷ 48 ಸೆಕೆಂಡ್. ಮುಂಗೈಯಲ್ಲಿ ಬರೆದಿಟ್ಟುಕೊಳ್ಳಬೇಕಾದ ಅಂಕಿ ಇದೇ.

ಭಾರತದಿಂದ ಹೋಗುವವರು ಪ್ರಯಾಣದ ಅನುಮತಿಯ ಕೆಲಸ ತಿಂಗಳುಗಳ ಮೊದಲೇ ಮುಗಿಸಿಕೊಳ್ಳಬೇಕು. ಹಳದಿ ಜ್ವರವಿರುವ ಪೂರ್ವ ಆಫ್ರಿಕಾದ ದೇಶದ ನಿಲ್ದಾಣದಲ್ಲಿ 12 ಗಂಟೆಗಿಂತ ಹೆಚ್ಚು ಕಾದು ವಿಮಾನ ಬದಲಿಸುವುದಿದ್ದರೆ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆ, ಟಿಕೆಟ್ ಕೊಳ್ಳುವಾಗಲೇ ಇದನ್ನು ನೋಡಿಕೊಳ್ಳುವುದು ಒಳ್ಳೆಯದು. ಶೂ, ಓಟದ ಬಟ್ಟೆ, ಓಡುವಾಗ ಶಕ್ತಿಗೆಂದು ನುಂಗುವ ಸಿಹಿ ಜೆಲ್ ಕೈಚೀಲದಲ್ಲೇ ಇರಲಿ. ದಕ್ಷಿಣ ಆಫ್ರಿಕಾ ನಮಗಿಂತ ಮೂರೂವರೆ ಗಂಟೆ ಹಿಂದಿದೆ. ಇದು ನಮ್ಮ ಪಾಲಿಗೆ ಅನುಕೂಲವೇ: ಅಲ್ಲಿನ ರಾತ್ರಿ ಎರಡೂವರೆ ನಮ್ಮ ಮೈಗೆ ಬೆಳಗಿನ ಆರು. ಓಟದ ದಿನ ಏಳಬೇಕಾದದ್ದು ಹೆಚ್ಚು ಕಡಿಮೆ ಆಗಲೇ. ಅದಕ್ಕೇ ಅಲ್ಲಿನ ಸಮಯಕ್ಕೆ ಪೂರ್ತಿ ಹೊಂದಿಕೊಳ್ಳುವ ಪ್ರಯತ್ನ ಬೇಡ. ಸಂಜೆ ಏಳೂವರೆ ಎಂಟಕ್ಕೆ ಮಲಗಿಬಿಡಿ. ಕಿಂಗ್ ಶಾಕಾ ವಿಮಾನ ನಿಲ್ದಾಣ ಡರ್ಬನ್‌ನ ಉತ್ತರಕ್ಕಿದೆ, ಓಟದ ಸಂಖ್ಯೆಯನ್ನು ಎಕ್ಸ್‌ಪೋ ಎಂಬ ಓಟಕ್ಕೆ ಮುಂಚಿನ ಮೇಳದಲ್ಲಿ ಪಡೆಯಬೇಕು. ಡರ್ಬನ್‌ನಲ್ಲೇ ಉಳಿದರೆ ನಡುರಾತ್ರಿಯ ಬಸ್ಸಿನಲ್ಲಿ 80 ಕಿಲೋಮೀಟರ್ ಮೇಲಕ್ಕೆ ಹೋಗಬೇಕು. ಆದರೂ ಓಟ ಮುಗಿದ ಮೇಲೆ ಹಾಸಿಗೆ ಹತ್ತಿರವಿರುವುದೇ ದೊಡ್ಡ ಭಾಗ್ಯ, ಹಾಗಾಗಿ ಡರ್ಬನ್ ವಾಸವೇ ಮೇಲು.

ಗುಂಡು ಹಾರುವ ಮೊದಲು ಗಣಿ ಕಾರ್ಮಿಕರ ಶೋಶೋಲೋಜಾ ಹಾಡು ಏಳುತ್ತದೆ. ಆಮೇಲೆ ಕೋಳಿ ಕೂಗು. ಅದು ಮ್ಯಾಕ್ಸ್ ಟ್ರಿಂಬೋರ್ನ್ ಎಂಬ ಓಟಗಾರನ ಗಂಟಲಿನದು. 1948ರಲ್ಲಿ ಆರಂಭದ ಸಾಲಿನಲ್ಲಿ ನಿಂತು ಅವರು ಹುಂಜದಂತೆ ಕೂಗಿದ್ದು ಪದ್ಧತಿಯಾಗಿ, ಈಗ ಅವರ ಧ್ವನಿಮುದ್ರಣವನ್ನೇ ಹಾಕುತ್ತಾರೆ. ಆ ಗಳಿಗೆಯಲ್ಲಿ ಕಣ್ಣು ಒದ್ದೆಯಾಗದವರು ಕಡಿಮೆ. ಮೈಯಲ್ಲಿ ಉಕ್ಕುವ ಅದೇ ಉತ್ಸಾಹ ಮುಂದಿನ ಹತ್ತು ಕಿಲೋಮೀಟರಿನಲ್ಲಿ ದುಬಾರಿಯಾಗುತ್ತದೆ. ಕತ್ತಲಲ್ಲಿ ಕಾಲಡಿಯ ಬಗ್ಗೆಯೂ ಎಚ್ಚರ ಬೇಕು. ಎಸೆದ ಸ್ವೆಟರ್, ಪ್ಲಾಸ್ಟಿಕ್ ಚೀಲಗಳು ರಸ್ತೆ ತುಂಬ ಬಿದ್ದಿರುತ್ತವೆ.

ಎಂಟೊಂಬತ್ತನೇ ಕಿಲೋಮೀಟರಿಗೆ ಪಾಲಿ ಶಾರ್ಟ್ಸ್ ಸಿಗುತ್ತದೆ. ಏರುವ ವರ್ಷದಲ್ಲಿ ಎಲ್ಲರ ಹುಟ್ಟಡಗಿಸುವ ಕೊನೆಯ ಗುಡ್ಡ ಇದು. ಈಗ ಸೊಗಸಾದ ಇಳಿಜಾರು, ಮೊದಲ ಬಲೆಯೂ ಇದೇ. ಇಲ್ಲಿ ಎರಡು ನಿಮಿಷ ಉಳಿಸಿದವರು ಕೊನೆಯಲ್ಲಿ ಇಪ್ಪತ್ತು ನಿಮಿಷ ತೆರುತ್ತಾರೆ. ಅಲ್ಲಿಂದ 800 ಮೀಟರ್ ಎತ್ತರದಾಚೆಗೆ ಏರಿ ಉಮ್ಲಾಸ್ ರೋಡ್ ಬಳಿ ದಾರಿಯ ಅತಿ ಎತ್ತರದ ಜಾಗ. ಇಪ್ಪತ್ತು ಕಿಲೋಮೀಟರ್ ಓಡಿದ ಮೇಲೂ ಹೊರಟ ಜಾಗಕ್ಕಿಂತ ಮೇಲೇ ಇದ್ದೀರಿ ಎಂಬುದು ಮನಸ್ಸಿನಲ್ಲಿರಲಿ. ಏರುಗಳಲ್ಲಿ ಮೊದಲಿನಿಂದಲೇ ನಡೆಯಿರಿ. ದಣಿದು ನಡೆಯುವುದೇ ಬೇರೆ, ದಣಿಯದಿರಲೆಂದು ನಡೆಯುವುದೇ ಬೇರೆ.

ಕ್ಯಾಂಪರ್‌ಡೌನ್, ಕೇಟೋ ರಿಡ್ಜ್ ದಾಟಿದರೆ ಹ್ಯಾರಿಸನ್ ಫ್ಲ್ಯಾಟ್ಸ್‌ನ ಬೋಳು ಬಯಲು. ಸೂರ್ಯ ಮೇಲೆದ್ದಿರುತ್ತಾನೆ, ನೆರಳಿಲ್ಲ. ನೀರು ಕೊಡುವುದು ಅಂಗೈಯಗಲದ ಪ್ಲಾಸ್ಟಿಕ್ ಪೊಟ್ಟಣದಲ್ಲಿ. ಒಂದು ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದು ಮೆಲ್ಲಗೆ ಹಿಂಡಬೇಕು. ಜೋರಾಗಿ ಹಿಂಡಿದರೆ ಮೂಗಿಗೇ ಚಿಮ್ಮುತ್ತದೆ. ಅರ್ಧ ಕುಡಿದು ಉಳಿದದ್ದನ್ನು ಕತ್ತಿನ ಹಿಂದೆ ಸುರಿದುಕೊಳ್ಳಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಆದರೆ ನೀರು ಶೂಗೆ ಇಳಿಯದಂತೆ ಮುಂದಕ್ಕೆ ಬಾಗಿ ಸುರಿಯಬೇಕು, ಒದ್ದೆ ಕಾಲುಚೀಲ ಒಂದೇ ಗಂಟೆಯಲ್ಲಿ ಬೊಬ್ಬೆ ಎಬ್ಬಿಸುತ್ತದೆ. ನೀರಿನ ಕೇಂದ್ರಗಳು ನಲವತ್ತಕ್ಕೂ ಹೆಚ್ಚಿವೆ, ಪ್ರತಿಯೊಂದರಲ್ಲೂ ಕುಡಿಯಬೇಕೆಂದೇನಿಲ್ಲ. ಬಾಯಾರಿದಾಗ ಕುಡಿಯಿರಿ. ಅತಿಯಾಗಿ ನೀರು ಕುಡಿದು ರಕ್ತದ ಸೋಡಿಯಂ ಕುಸಿಯುವ ಅಪಾಯವನ್ನು ದಕ್ಷಿಣ ಆಫ್ರಿಕಾದ ವೈದ್ಯ ಟಿಮ್ ನೋಕ್ಸ್ 1985ರಲ್ಲಿ ಲೋಕಕ್ಕೆ ತೋರಿಸಿದರು. ಅವರು ದಾಖಲಿಸಿದವರಲ್ಲಿ ಇದೇ ಓಟದಲ್ಲಿ ಓಡಿದವರೂ ಇದ್ದರು. ಉಂಗುರ ಬಿಗಿಯಾಗುವುದು, ಬೆರಳು ಊದುವುದು, ತಲೆನೋವು, ವಾಂತಿ, ಮಾತು ತಡವರಿಸುವುದು ಇದರ ಲಕ್ಷಣಗಳು. ಆಗ ಇನ್ನಷ್ಟು ನೀರು ಕುಡಿದರೆ ಜೀವಕ್ಕೇ ಕುತ್ತು, ತಕ್ಷಣ ವೈದ್ಯರ ಡೇರೆಗೆ ಹೋಗಬೇಕು. ನೋವಿಗೆಂದು ಐಬುಪ್ರೊಫೆನ್ ಥರದ ಮಾತ್ರೆ ಬೇಡವೇ ಬೇಡ. ಬಳಲಿದ ಮೂತ್ರಪಿಂಡಕ್ಕೆ ಅದು ಎರಡನೇ ಏಟು.

ಆಹಾರದ ಲೆಕ್ಕ ಗಂಟೆಗೆ 50-60 ಗ್ರಾಂ ಸಕ್ಕರೆ ಅಂಶ. ಒಂದು ಜೆಲ್‌ನಲ್ಲಿ 22-25 ಗ್ರಾಂ ಇರುತ್ತದೆ. ಹನ್ನೊಂದು ಗಂಟೆ ಬರೀ ಜೆಲ್ ನುಂಗಿದರೆ ಬಾಯಿಗೆ ಓಕರಿಕೆ ಬರುತ್ತದೆ, ಐದಾರು ಗಂಟೆಯ ನಂತರ ಸಿಹಿ ಕಂಡರೇ ಆಗುವುದಿಲ್ಲ. ಅಷ್ಟೊತ್ತಿಗೆ ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ ಕೆಲವು ಕೇಂದ್ರಗಳಲ್ಲಿ ಸಿಗುತ್ತದೆ. ಎರಡು ತುಂಡು ಬಾಯಿಗೆ ಹಾಕಿಕೊಂಡು ನಡೆಯುತ್ತಲೇ ಅಗಿಯಿರಿ.

ಇಂಚಾಂಗಾ ಗುಡ್ಡಕ್ಕೆ ಮೊದಲು ಎಥೆಂಬೇನಿ ಶಾಲೆ. ಅಂಗವೈಕಲ್ಯವಿರುವ ಮಕ್ಕಳು ಗಾಲಿಕುರ್ಚಿಗಳಲ್ಲಿ ರಸ್ತೆಬದಿಗೆ ಬಂದು ಕೈ ಚಾಚಿರುತ್ತಾರೆ. ಅಲ್ಲಿ ಅರ್ಧ ನಿಮಿಷ ನಿಧಾನಿಸಿ ಆ ಕೈಗಳನ್ನು ಮುಟ್ಟಿ ಹೋಗಿ, ಸಮಯದ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಂಡಿರಬೇಕು. ಇಂಚಾಂಗಾ ಹತ್ತಿ ಇಳಿದರೆ ಡ್ರಮಂಡ್, ಅರ್ಧ ದಾರಿ. ಅಲ್ಲಿಂದ ಏರುವಾಗ ಮಣ್ಣಿನ ದಿಣ್ಣೆಯಲ್ಲಿ ಕೊರೆದ ಒಂದು ಗೂಡು ಕಾಣುತ್ತದೆ. ಐದು ಬಾರಿ ಗೆದ್ದ ಆರ್ಥರ್ ನ್ಯೂಟನ್ ಕೂತು ದಣಿವಾರಿಸಿಕೊಳ್ಳುತ್ತಿದ್ದ ಜಾಗ ಎನ್ನುತ್ತಾರೆ. ಒಂದು ಹೂವಿಟ್ಟು ಆರ್ಥರ್‌ಗೆ ಶುಭೋದಯ ಹೇಳಿದರೆ ಉಳಿದರ್ಧ ಸಲೀಸು ಎಂಬ ನಂಬಿಕೆ. ಬೇಲಿಬದಿಯ ಹೂವೊಂದನ್ನು ಕಿತ್ತು ಅಲ್ಲಿಗೆ ಹಿಡಿದು ಬರುವವರು ಸಾಲುಗಟ್ಟಿರುತ್ತಾರೆ.

ಬೋಥಾಸ್ ಹಿಲ್, ಹಿಲ್‌ಕ್ರೆಸ್ಟ್ ಬರುವಷ್ಟರಲ್ಲಿ ಜನಜಂಗುಳಿ. ಮಾಂಸ ಸುಡುವ ಹೊಗೆ, ಬಿಯರು, ಹೆಸರು ಹಿಡಿದು ಕೂಗುವ ಅಪರಿಚಿತರು. ನಿಮ್ಮ ಹೆಸರೂ ಮುಗಿಸಿದ ಓಟಗಳ ಸಂಖ್ಯೆಯೂ ಎದೆಯ ಮೇಲೆ ಬರೆದಿರುತ್ತದೆ. ಹತ್ತು ಮುಗಿಸಿದವರಿಗೆ ಹಸಿರು ಸಂಖ್ಯೆ, ಅದು ಬದುಕಿಡೀ ಅವರದೇ. ಹತ್ತನೆಯದಕ್ಕೆ ಓಡುತ್ತಿರುವವರದು ಹಳದಿ. ದಾರಿಯಲ್ಲಿ ಯಾರ ಮಾತು ಕೇಳಬೇಕೆಂದು ಗೊತ್ತಾಗದಿದ್ದರೆ ಹಸಿರು ಸಂಖ್ಯೆಯವರ ಹಿಂದೆ ಹೋಗಿ.

ಸುಮಾರು 65ನೇ ಕಿಲೋಮೀಟರಿಗೆ ಫೀಲ್ಡ್ಸ್ ಹಿಲ್. ಹೆದ್ದಾರಿಯ ಮೂರು ಕಿಲೋಮೀಟರಿನಲ್ಲಿ 200 ಮೀಟರ್ ಇಳಿತ. ಇಳಿಯುವ ಓಟದ ತೀರ್ಮಾನ ಆಗುವುದು ಇಲ್ಲೇ. ಪಾಲಿ ಶಾರ್ಟ್ಸ್‌ನಲ್ಲಿ ಹಾರಿ ಇಳಿದವರು ಇಲ್ಲಿ ರಸ್ತೆಯ ತಡೆಗೋಡೆ ಹಿಡಿದು ಅಡ್ಡಡ್ಡ ನಡೆಯುತ್ತಾರೆ. ಬೆರಳುಗಳು ಶೂವಿನ ಮೂತಿಗೆ ಕುಟ್ಟಿ ಉಗುರಿನಡಿ ರಕ್ತ ಕಟ್ಟುವುದೂ ಇಲ್ಲೇ. ಇದನ್ನು ತಪ್ಪಿಸಲು ಶೂವಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿರಬೇಕು, ಉಗುರನ್ನು ಮೂರು ದಿನ ಮೊದಲೇ ಕತ್ತರಿಸಿರಬೇಕು. ಲೇಸ್ ಕಟ್ಟುವ ರೀತಿಯೂ ಮುಖ್ಯ. ಶೂವಿನ ಮೇಲ್ತುದಿಯಲ್ಲಿ ಕಣಕಾಲಿನ ಬಳಿ ಇರುವ, ಸಾಮಾನ್ಯವಾಗಿ ಖಾಲಿ ಬಿಡುವ ಕೊನೆಯ ತೂತಿಗೆ ಲೇಸನ್ನು ಅದೇ ಬದಿಯಲ್ಲಿ ಪೋಣಿಸಿ ಎರಡೂ ಕಡೆ ಚಿಕ್ಕ ಕುಣಿಕೆ ಬಿಡಿ. ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗೆ ತೂರಿಸಿ ಕೆಳಕ್ಕೆ ಎಳೆದು ಕಟ್ಟಿ. ಹಿಮ್ಮಡಿ ಶೂವಿನ ಹಿಂಬದಿಗೆ ಕಚ್ಚಿಕೊಳ್ಳುತ್ತದೆ, ಪಾದ ಮುಂದಕ್ಕೆ ಜಾರುವುದಿಲ್ಲ. ಗಂಟು ಹಾಕುವ ಮುನ್ನ ಎರಡು ಬೆರಳು ತೂರಿ ನೋಡಿ. ಬಿಗಿ ಹೆಚ್ಚಾದರೆ ಪಾದದ ಮೇಲ್ಭಾಗ ಜೋಮು ಹಿಡಿಯುತ್ತದೆ.

ಪೈನ್‌ಟೌನ್ ಆದ ಮೇಲೆ ಕೌವೀಸ್ ಹಿಲ್ ಎಂಬ ಚಿಕ್ಕ ಏರು. ತೊಡೆಗಳಿಗೆ ಏರುವುದೇ ಆಗ ಹಿತ. ಹಿಂದಿನಿಂದ ಹಾಡು ಕೇಳಿಸಿದರೆ ಅದು ‘ಬಸ್ಸು’: ಗಡುವಿನೊಳಗೆ ತಲುಪಿಸುತ್ತೇನೆಂದು ಬಾವುಟ ಹಿಡಿದ ನಾಯಕನ ಹಿಂದೆ ನೂರಾರು ಜನ ಒಟ್ಟಿಗೆ ಹಾಡುತ್ತ, ಒಟ್ಟಿಗೆ ನಡೆಯುತ್ತ ಬರುತ್ತಾರೆ. ಲೆಕ್ಕ ಮಾಡುವ ಶಕ್ತಿ ತಲೆಗೆ ಉಳಿದಿಲ್ಲದಾಗ ಅದಕ್ಕೆ ಸೇರಿಕೊಳ್ಳುವುದು ಜಾಣತನ, ಆದರೆ ಅಂಚಿನಲ್ಲಿ ಓಡಿ. ನಡುವೆ ಸಿಕ್ಕಿಕೊಂಡರೆ ನೀರಿನ ಮೇಜಿಗೆ ತಲುಪಲಾಗುವುದಿಲ್ಲ. ವೆಸ್ಟ್‌ವಿಲ್, ಟೋಲ್‌ಗೇಟ್ ದಾಟಿದಾಗ ಡರ್ಬನ್ ಕಾಣುತ್ತದೆ.

ಕೊನೆಯಲ್ಲಿ ಸಿಗುವ ಪದಕ ನಾಣ್ಯಕ್ಕಿಂತ ತುಸು ದೊಡ್ಡದು. ಒಂಬತ್ತು ಗಂಟೆಯೊಳಗೆ ಬಂದರೆ ಬಿಲ್ ರೋವನ್, ಹತ್ತರೊಳಗೆ ರಾಬರ್ಟ್ ಮಟ್‌ಶಾಲಿ, ಹನ್ನೊಂದರೊಳಗೆ ಕಂಚು, ಹನ್ನೆರಡರೊಳಗೆ ವಿಕ್ ಕ್ಲಾಫಮ್. ಮಟ್‌ಶಾಲಿ 1935ರಲ್ಲಿ ಓಡಿ ಮುಗಿಸಿದ ಕಪ್ಪು ಓಟಗಾರ. ಆಗ ಕರಿಯರಿಗೆ ಪ್ರವೇಶವಿರಲಿಲ್ಲ, ಹಾಗಾಗಿ ಅವರ ಹೆಸರು ಫಲಿತಾಂಶಕ್ಕೆ ಸೇರಲಿಲ್ಲ. ಕರಿಯರಿಗೂ ಹೆಂಗಸರಿಗೂ ಅಧಿಕೃತವಾಗಿ ಬಾಗಿಲು ತೆರೆದದ್ದು 1975ರಲ್ಲಿ. ಗಾಂಧೀಜಿಯನ್ನು ಇಳಿಸಿದ ಊರಿನಿಂದ ಹೊರಟ ದಾರಿಯಲ್ಲಿ ಈ ಪದಕವನ್ನು ಕೈಯಲ್ಲಿ ಹಿಡಿದಾಗ ಅದರ ತೂಕ ಬೇರೆಯೇ.

ಹನ್ನೆರಡನೇ ಗಂಟೆ ಮುಗಿಯುವ ಹೊತ್ತಿಗೆ ಅಧಿಕಾರಿಯೊಬ್ಬರು ಓಟಗಾರರಿಗೆ ಬೆನ್ನು ಮಾಡಿ ನಿಲ್ಲುತ್ತಾರೆ, ಯಾರು ಬರುತ್ತಿದ್ದಾರೆಂದು ಕಾಣದಿರಲೆಂದು. ಗುಂಡು ಹಾರುತ್ತದೆ. ಒಂದು ಮಾರು ದೂರದಲ್ಲಿದ್ದವರಿಗೂ ಪದಕವಿಲ್ಲ.

ಮುಗಿದ ಮೇಲೆ ಕೂಡಲೇ ಕೂರಬೇಡಿ, ಹತ್ತು ನಿಮಿಷ ನಡೆದಾಡಿ. ಬೆವರು ಆರಿದರೆ ಡರ್ಬನ್‌ನ ಸಂಜೆಗೂ ನಡುಕ ಬರುತ್ತದೆ, ಒಣಬಟ್ಟೆ ಸಿದ್ಧವಿರಲಿ. ಮೂತ್ರ ಕಾಫಿ ಬಣ್ಣದಲ್ಲಿ ಬಂದರೆ ಅಥವಾ ಹಲವು ಗಂಟೆ ಬಾರದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಒಡೆದ ಸ್ನಾಯುವಿನ ಕಶ್ಮಲ ಮೂತ್ರಪಿಂಡದಲ್ಲಿ ಸಿಕ್ಕಿಕೊಂಡಿರುವ ಸೂಚನೆ ಅದು. ವಾಪಸ್ ವಿಮಾನ ಎರಡು ದಿನ ಬಿಟ್ಟು ಇರಲಿ. ಮಾರನೆಯ ಬೆಳಿಗ್ಗೆ ಕಡಲತೀರಕ್ಕೆ ಹೋಗಿ ಮೊಣಕಾಲುದ್ದದ ತಣ್ಣನೆಯ ನೀರಿನಲ್ಲಿ ಹತ್ತು ನಿಮಿಷ ನಿಲ್ಲುವುದು ಹಾಯೆನಿಸುತ್ತದೆ. ಅಲ್ಲಿಗಿಳಿಯುವ ಮೆಟ್ಟಿಲುಗಳಲ್ಲಿ ಕಂಬಿ ಹಿಡಿದು, ಹಿಮ್ಮುಖವಾಗಿ, ಒಂದೊಂದೇ ಮೆಟ್ಟಿಲು ಇಳಿಯುತ್ತಿರುವವರೆಲ್ಲ ಹಿಂದಿನ ದಿನ ನಿಮ್ಮ ಜೊತೆ ಓಡಿದವರು.