ಐದನೆಯ ಕುರಿ

ಒಂದು ಮಳೆಗಾಲದಲ್ಲಿ ಆನೆಗೊಂದಿಯ ಮಾವನ ಮನೆಗೆ ಹೋದವನು ಒಂದು ದಿನ ಜಾಸ್ತಿ ಉಳಿದೆ. ತುಂಗಭದ್ರಾ ಡ್ಯಾಂನಿಂದ ನದಿಗೆ ನೀರು ಬಿಟ್ಟಿದ್ದರು, ಕಂಪ್ಲಿ ಸೇತುವೆ ಮುಳುಗಿತ್ತು. ಹೊಸಪೇಟೆ ಸುತ್ತಿಕೊಂಡು ಬಳ್ಳಾರಿಗೆ ಹೋಗಬಹುದಿತ್ತು. ಆದರೆ ಮಾವ "ಇವತ್ತೊಂದಿನ ಇರ್ರಿ" ಅಂದದ್ದೇ ತಡ, ಆಫೀಸಿಗೆ ಫೋನ್ ಮಾಡಿ ತಪ್ಪನ್ನೆಲ್ಲ ಸೇತುವೆಯ ಮೇಲೆ ಹಾಕಿಬಿಟ್ಟೆ.

ಮಧ್ಯಾಹ್ನ ಕರೆಂಟು ಹೋಯಿತು. ಮೊಬೈಲೂ ಸತ್ತಿತು. ಹೆಂಡತಿಯ ಅಣ್ಣನ ಮಗ, ನಾಲ್ಕನೇ ಕ್ಲಾಸಿನವನು, ಮುಷ್ಟಿ ತುಂಬ ಹುಣಸೆ ಬೀಜ ಹಿಡಿದುಕೊಂಡು ಬಂದ. "ಮಾಮಾ, ಹುಲಿಮನಿ ಆಡೂನೇನ್ರಿ?"

ಕಾಲೇಜಿನಲ್ಲಿ ನಾನು ಚೆಸ್ ಆಡುತ್ತಿದ್ದವನು. ಹಾಸ್ಟೆಲ್ಲಿನಲ್ಲಿ ಒಂದಿಷ್ಟು ಹೆಸರೂ ಇತ್ತು. ಹುಣಸೆ ಬೀಜದ ಆಟ ತಾನೆ, ಹುಡುಗನಿಗೆ ಬೇಜಾರಾಗದ ಹಾಗೆ ಸೋತರಾಯಿತು ಅಂದುಕೊಂಡು ಕಟ್ಟೆಯ ಮೇಲೆ ಕೂತೆ.

ಕಟ್ಟೆಯ ಬಂಡೆಯಲ್ಲೇ ಆಟದ ಮನೆ ಕೊರೆದಿತ್ತು. ಅಷ್ಟು ವರ್ಷ ಅದರ ಮೇಲೆಯೇ ಕೂತು ಚಹಾ ಕುಡಿದಿದ್ದೇನೆ, ಒಮ್ಮೆಯೂ ನೋಡಿರಲಿಲ್ಲ. ಹಂಪಿಯ ಮಂಟಪಗಳ ನೆಲದಲ್ಲೂ ಇಂಥ ಗೆರೆಗಳಿವೆ. ಕಲ್ಲುಕುಟಿಗರು ಅಳತೆಗೆ ಹಾಕಿಕೊಂಡದ್ದು ಇರಬೇಕು ಅಂತ ನಾನು ಬಹಳ ದಿನ ನಂಬಿದ್ದೆ, ನೆಂಟರಿಗೂ ಹಾಗೇ ಹೇಳಿ ತೋರಿಸಿದ್ದೆ!

ಮೇಲೆ ಒಂದು ತುದಿ. ಅಲ್ಲಿಂದ ನಾಲ್ಕು ಗೆರೆ ಕೆಳಗೆ ಅಗಲವಾಗುತ್ತಾ ಬರುತ್ತವೆ. ಅವುಗಳ ಮೇಲೆ ಮೂರು ಅಡ್ಡಗೆರೆ. ಅವುಗಳ ಕೊನೆಗಳನ್ನು ಎರಡೂ ಕಡೆ ಒಂದೊಂದು ಉದ್ದಗೆರೆ ಎಳೆದು ಮುಚ್ಚಿದ್ದಾರೆ. ಬುಡದಲ್ಲಿ ಇನ್ನೊಂದು ಗೆರೆ. ಗೆರೆ ಕೂಡುವ ಜಾಗವೇ ಮನೆ, ಒಟ್ಟು 23. ಹುಲಿ 3, ಕುರಿ 15. ಹುಲಿಗಳು ಮೊದಲೇ ಕೂತಿರುತ್ತವೆ, ಒಂದು ತುದಿಯಲ್ಲಿ, ಎರಡು ಅದರ ಕೆಳಗಿನ ಸಾಲಿನ ನಡುವೆ. ಕುರಿಗಳನ್ನು ಒಂದೊಂದಾಗಿ ಇಡುತ್ತಾ ಹೋಗಬೇಕು. 15 ಇಟ್ಟು ಮುಗಿಯುವ ತನಕ ಇಟ್ಟ ಕುರಿ ಅಲ್ಲಾಡುವ ಹಾಗಿಲ್ಲ. ಕುರಿಯ ಆಚೆ ಅದೇ ಗೆರೆಯಲ್ಲಿ ಖಾಲಿ ಮನೆ ಇದ್ದರೆ ಹುಲಿ ಹಾರಿ ತಿನ್ನುತ್ತದೆ. ಐದು ತಿಂದರೆ ಹುಲಿ ಗೆದ್ದಿತು. ಮೂರೂ ಹುಲಿ ಅಲುಗಾಡದ ಹಾಗೆ ಕಟ್ಟಿಹಾಕಿದರೆ ಕುರಿ ಗೆದ್ದಿತು. ಎಷ್ಟು ಕುರಿ ತಿಂದರೆ ಗೆಲುವು ಅನ್ನೋದು ಒಂದೊಂದು ಕಡೆ ಒಂದೊಂದು ಥರ. ಈ ಕಟ್ಟೆಯಲ್ಲಿ ಐದು.

ಮೊದಲ ಎರಡು ಆಟ ನನಗೆ ಹುಲಿ ಕೊಟ್ಟ. ಎರಡೂ ಗೆದ್ದೆ. ಸ್ವಲ್ಪ ಬೀಗಿದೆ ಅಂತಲೇ ಹೇಳಬೇಕು.

"ಈಗ ನೀವು ಕುರಿ ಆಗ್ರಿ" ಅಂದ. ಆಗ ಗೊತ್ತಾಯಿತು, ಹುಡುಗ ನನ್ನನ್ನು ಸುಮ್ನೆ ಮೇಯಿಸುತ್ತಿದ್ದ ಅಂತ.

ಚೆಸ್‌ನಲ್ಲಿ ನಡುವಿನ ಜಾಗ ಹಿಡಿ ಅಂತ ಕಲಿಸುತ್ತಾರೆ, ಅಲ್ವಾ? ನಾನು ಮೊದಲ ಕುರಿಯನ್ನೇ ಸೀದಾ ನಡುವೆ ತಂದಿಟ್ಟೆ. ಹೆಂಚಿನ ಚೂರಿನ ಹುಲಿ ಟಕ್ ಅಂತ ಹಾರಿತು. ಇನ್ನೊಂದನ್ನು ಅದರ ಪಕ್ಕಕ್ಕಿಟ್ಟೆ, ಅದೂ ಹೋಯಿತು. ಹತ್ತು ಕುರಿ ಇಡುವಷ್ಟರಲ್ಲಿ ಐದು ಅವನ ಚಡ್ಡಿ ಜೇಬಿನಲ್ಲಿದ್ದವು. ಇನ್ನೊಂದು ಆಟವೂ ಅಷ್ಟೇ. ನನ್ನ ಕೈ ಯಾವಾಗಲೂ ಹೊಡೆಯಲು ಹೋಗುತ್ತಿತ್ತು, ಇಲ್ಲಿ ನೋಡಿದರೆ ಕುರಿಗೆ ಹೊಡೆಯುವ ಹಕ್ಕೇ ಇಲ್ಲ.

ನಮ್ಮ ಅತ್ತೆ ನನ್ನ ಎದುರಿಗೆ ಕೂರುವವರಲ್ಲ. ಮದುವೆಯಾಗಿ ಹತ್ತು ವರ್ಷವಾದರೂ ನನಗೇನಾದರೂ ಹೇಳಬೇಕಿದ್ದರೆ ಮಗಳ ಕಡೆಯಿಂದ, ಇಲ್ಲಾ ಮೊಮ್ಮಗನ ಕಡೆಯಿಂದಲೇ ಹೇಳುವುದು. ಒಳಗೆ ರೊಟ್ಟಿ ಬಡಿಯುವ ಸದ್ದು ಒಂದು ಗಳಿಗೆ ನಿಂತಿತು.

"ಲೇ, ನಿಮ್ಮ ಮಾಮಾಗ ಹೇಳು. ಬೆನ್ನು ಬಯಲಿಗೆ ಬಿಟ್ಟು ಕುರಿ ಇಡಬಾರ್ದು. ಮೊದ್ಲು ಮೂಲಿ ಹಿಡೀಬೇಕು."

ಸದ್ದು ಮತ್ತೆ ಶುರುವಾಯಿತು. ಹುಡುಗ ಹೇಳುವ ಅಗತ್ಯವೇ ಇರಲಿಲ್ಲ, ನಾಲ್ಕು ಮನೆಯ ಆಚೆಗೂ ಕೇಳಿಸಿತ್ತು.

ಗೆರೆ ಎಣಿಸಿ ನೋಡಿದೆ. ಎಲ್ಲ ಗೆರೆಯೂ ಮುಗಿಯುವ ಜಾಗದಲ್ಲಿ ಕೂತ ಕುರಿಯನ್ನು ಹಾರಲು ಹುಲಿಗೆ ಆಚೆ ಮನೆಯೇ ಇಲ್ಲ. ಎರಡು ಬದಿಯ ನಾಲ್ಕು ಮೂಲೆ, ಬುಡದ ಎರಡು ಮೂಲೆ, ಮೇಲಿನ ತುದಿ, ಇಂಥವು ಏಳೇ ಏಳು. ತುದಿಯಲ್ಲಂತೂ ಹುಲಿಯೇ ಕೂತಿರುತ್ತದೆ. ಉಳಿದ ಆರರಿಂದ ಶುರುಮಾಡಿದೆ. ಒಂದು ಕುರಿ ಇಟ್ಟರೆ ಅದರ ಬೆನ್ನಿಗೆ ಇನ್ನೊಂದು. ಆಟ ನಿಧಾನವಾಯಿತು. ಹುಡುಗ ಜೇಬಿನಲ್ಲಿ ಬೀಜ ಕಲಕುವುದನ್ನು ಬಿಟ್ಟ. ತೆಲುಗಿನವರು ನೆಲೆಸಿದ ಕ್ಯಾಂಪಿನಿಂದ ಬಂದಿದ್ದ ಟ್ರ್ಯಾಕ್ಟರಿನವನು "ಓ, ಪುಲಿಮೇಕ!" ಅಂತ ಇದೇ ಆಟದ ತೆಲುಗು ಹೆಸರು ಹೇಳಿ ನಕ್ಕು, ಬಾಡಿಗೆ ಕೇಳಲು ಬಂದದ್ದನ್ನೇ ಮರೆತು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಸಲಹೆ ಮಾತ್ರ ಇಬ್ಬರಿಗೂ ಸಮನಾಗಿ ಕೊಡುತ್ತಿದ್ದ, ಅದೊಂದು ಕಾಟ.

ಆರನೆಯ ಆಟವೋ ಏಳನೆಯದೋ, ಎಲ್ಲ ಕೂಡಿಬಂತು. ನಾಲ್ಕು ಕುರಿ ಹೋಗಿದ್ದವು, ಹನ್ನೊಂದು ಉಳಿದಿದ್ದವು. ಬುಡದ ಎರಡು ಮೂಲೆಯಲ್ಲಿ ಎರಡು ಹುಲಿ ಸಿಕ್ಕಿಬಿದ್ದಿದ್ದವು. ಮೂರನೆಯದು ಬಲಬದಿಯ ಕೆಳಮೂಲೆಯಲ್ಲಿ. ಅದರ ಪಕ್ಕಕ್ಕೆ ಒಂದು ಕುರಿ, ಆ ಕುರಿಯ ಬೆನ್ನಿಗೊಂದು, ಮೇಲಿನ ಮನೆಯಲ್ಲೊಂದು. ಹುಡುಗ ಮೂರು ಹುಲಿಯನ್ನೂ ಒಂದೊಂದಾಗಿ ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ. ಕಣ್ಣಲ್ಲಿ ನೀರು ತುಂಬಿತ್ತು.

"ಕಟ್ಟಿಹಾಕಿದೆ ನೋಡಪ್ಪಾ" ಅಂದೆ. ಟ್ರ್ಯಾಕ್ಟರಿನವನೂ ತಲೆಯಾಡಿಸಿದ.

ರೊಟ್ಟಿಯ ಸದ್ದು ಮತ್ತೆ ನಿಂತಿತು. ಅತ್ತೆ ಹೊರಗೆ ಬಂದರು. ಸೆರಗು ತಲೆಗೆ ಎಳೆದುಕೊಂಡು, ನನ್ನ ಕಡೆ ನೋಡದೆ ಬಗ್ಗಿದರು. ಹಿಟ್ಟು ಮೆತ್ತಿದ ಬೆರಳಲ್ಲಿ ಬಲಬದಿಯ ಹುಲಿಯನ್ನು ಎತ್ತಿ, ಬದಿಯ ಉದ್ದಗೆರೆಯ ಮೇಲೆಯೇ ಕುರಿಯನ್ನು ದಾಟಿಸಿ ಮೇಲಿನ ಮೂಲೆಯಲ್ಲಿಟ್ಟರು. ಅದು ಖಾಲಿ ಇತ್ತು. ನಾವು ಮೂವರೂ ಒಳಗಿನ ಗೆರೆಗಳನ್ನೇ ನೋಡುತ್ತಾ ಕೂತಿದ್ದೆವು.

ಐದನೆಯ ಕುರಿಯನ್ನು ಮೊಮ್ಮಗನ ಕೈಗೆ ಹಾಕಿ ಒಳಗೆ ಹೋದರು. ಕಪ್ಪು ಬೀಜದ ಮೇಲೆ ಬಿಳಿ ಜೋಳದ ಹಿಟ್ಟು ಅಂಟಿತ್ತು. ಅವನು ಅದನ್ನು ಒರೆಸದೆ ಹಾಗೇ ಜೇಬಿಗೆ ಹಾಕಿಕೊಂಡ.

"ನಿಮ್ಮ ಮಾಮಾನ ಊಟಕ್ಕ ಕರಿ" ಅಂತ ಒಳಗಿನಿಂದ ಕೇಳಿಸಿತು.