ನಾನು ನೆಟ್ಟಗೆ ಮಾಡಿ ಕೆಡಿಸಿದ ಹಾಡು

ಹನುಮಂತನಗರದ ಒಂದು ಮನೆಯ ಮಹಡಿ ಮೇಲೆ ನಮ್ಮ ಸ್ಟುಡಿಯೋ. ಹದಿನಾಲ್ಕು ವರ್ಷದಿಂದ ಅಲ್ಲಿ ಮಿಕ್ಸಿಂಗ್, ಅಂದರೆ ಬೇರೆ ಬೇರೆಯಾಗಿ ರೆಕಾರ್ಡ್ ಆದ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸ, ಮಾಡುತ್ತಿದ್ದೇನೆ. ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ಭಕ್ತಿಗೀತೆ, ಭಾವಗೀತೆ, ರೇಡಿಯೋ ಜಾಹೀರಾತು. ಕೈ ಪಳಗಿದೆ. ಹಾಡುವವರ ಶ್ರುತಿ ಕೂದಲೆಳೆಯಷ್ಟು ಜಾರಿದರೂ ಕಿವಿಗೆ ಗೊತ್ತಾಗುತ್ತದೆ, ಕೈ ತಾನಾಗಿಯೇ ಮೌಸ್ ಹಿಡಿದು ಸರಿ ಮಾಡಿಬಿಡುತ್ತದೆ. ಆ ಪಳಗಿದ ಕೈಯೇ ಒಂದು ಆಲ್ಬಮ್ಮಿಗೆ ಏನು ಮಾಡಿತು ಅನ್ನುವುದನ್ನು ಈ ಕೆಲಸದಲ್ಲಿರುವ ಬೇರೆಯವರಿಗಾಗಿ ಬರೆದಿಡುತ್ತಿದ್ದೇನೆ.

ಹೋದ ಮಳೆಗಾಲದಲ್ಲಿ ನಾಲ್ಕು ಹುಡುಗರು ಒಂದು ಹಾರ್ಡ್ ಡಿಸ್ಕ್ ಹಿಡಿದುಕೊಂಡು ಬಂದರು. ಗಿಟಾರಿನವನು ಪೀಣ್ಯದಲ್ಲಿ ಸಿಎನ್‌ಸಿ ಯಂತ್ರದ ಆಪರೇಟರ್. ಬಾಸ್ ನುಡಿಸುವವನಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ಹಾಡುವವರು ಹೈಸ್ಕೂಲಿನ ಕನ್ನಡ ಮೇಷ್ಟ್ರು. ಡ್ರಮ್ಮರ್ ಮಾಲೂರು ಕಡೆಯವನು, ಮಾತು ಕಡಿಮೆ. ಆರು ಹಾಡು, ಒಟ್ಟು 51 ನಿಮಿಷ, ಎಲ್ಲವೂ ಕನ್ನಡದಲ್ಲಿ, ಎಲ್ಲವೂ ಬೆಂಗಳೂರಿನ ಸತ್ತ ಕೆರೆಗಳ ಮೇಲೆ. ಒಂದು ಹಾಡು ಧರ್ಮಾಂಬುಧಿಯದು. ಇವತ್ತು ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಆ ಕೆರೆಯ ಅಂಗಳದಲ್ಲಿ. ಇನ್ನೊಂದು ಸಂಪಂಗಿ ಕೆರೆಯದು. ಅದು ಕಂಠೀರವ ಕ್ರೀಡಾಂಗಣವಾಯಿತು, ಕರಗದ ಪೂಜೆಗೆಂದು ಪಕ್ಕದಲ್ಲಿ ಒಂದು ಪುಟ್ಟ ಕೊಳ ಮಾತ್ರ ಉಳಿಯಿತು. ಆ ಕೊಳದ ಬಗ್ಗೆ ಮೇಷ್ಟ್ರು ಬರೆದಿದ್ದ ಎಂಟು ಸಾಲು ಓದಿದಾಗಲೇ ಈ ಕೆಲಸ ಬಿಡಬಾರದು ಅನ್ನಿಸಿತ್ತು.

ಅವರ ಸಂಗೀತಕ್ಕೆ ಮೆಲೋಡಿಕ್ ಡೆತ್ ಡೂಮ್ ಅನ್ನುತ್ತಾರೆ, ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ಒಂದು ಕವಲು. ಡೆತ್ ಮೆಟಲ್‌ನ ಗಂಟಲು, ಡೂಮ್ ಮೆಟಲ್‌ನ ಭಾರವಾದ ನಡಿಗೆ, ಅದರ ಮೇಲೆ ಎರಡು ಗಿಟಾರು ಜೊತೆಯಾಗಿ ಎಳೆಯುವ ಶೋಕದ ರಾಗ. 1990ರ ದಶಕದ ಆರಂಭದಲ್ಲಿ ಉತ್ತರ ಇಂಗ್ಲೆಂಡಿನಲ್ಲಿ ಇದಕ್ಕೆ ಒಂದು ರೂಪ ಬಂತು: ಹ್ಯಾಲಿಫ್ಯಾಕ್ಸ್‌ನ ಪ್ಯಾರಡೈಸ್ ಲಾಸ್ಟ್, ಬ್ರಾಡ್‌ಫರ್ಡ್‌ನ ಮೈ ಡೈಯಿಂಗ್ ಬ್ರೈಡ್, ಲಿವರ್‌ಪೂಲ್‌ನ ಅನಾಥೆಮಾ. ಮೂವರದೂ ಒಂದೇ ರೆಕಾರ್ಡ್ ಕಂಪನಿ, ಪೀಸ್‌ವಿಲ್. ನಮ್ಮ ಊರಿಗೂ ಇದು ಹೊಸದಲ್ಲ, ಡೈಯಿಂಗ್ ಎಂಬ್ರೇಸ್ ಅನ್ನುವ ತಂಡ ಅದೇ ದಶಕದಲ್ಲಿ ಬೆಂಗಳೂರಿನಲ್ಲೇ ಡೆತ್ ಡೂಮ್ ನುಡಿಸುತ್ತಿತ್ತು. ಇದನ್ನೆಲ್ಲ ನಾನು ತಿಳಿದುಕೊಂಡದ್ದು ಕೆಲಸ ಕೆಟ್ಟ ಮೇಲೆ. ಅದಕ್ಕೂ ಮೊದಲು ಮೆಟಲ್ ಅಂದರೆ ನನಗೆ 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಅಮೆರಿಕದ ಮೆಟಾಲಿಕಾ ತಂಡ ನುಡಿಸಿದ ರಾತ್ರಿ, ಅಷ್ಟೇ. ಬಿಗಿ, ವೇಗ, ಎದೆಗೆ ಗುದ್ದುವ ಡ್ರಮ್ಸ್. ಆ ಒಂದು ರಾತ್ರಿಯನ್ನೇ ಅಳತೆಗೋಲು ಮಾಡಿಕೊಂಡು ಕುಳಿತೆ.

ಮೂರನೇ ಹಾಡು ತೆರೆದಾಗ ಡ್ರಮ್ಸ್ ಗ್ರಿಡ್ಡಿಗೆ, ಅಂದರೆ ಸಾಫ್ಟ್‌ವೇರಿನ ಸಮ ಅಂತರದ ತಾಳದ ಗೆರೆಗಳಿಗೆ, ಕೂರುತ್ತಲೇ ಇರಲಿಲ್ಲ. ಶುರುವಾಗುವುದು ನಿಮಿಷಕ್ಕೆ 64 ಪೆಟ್ಟಿನಲ್ಲಿ, ಮುಗಿಯುವುದು 54ರಲ್ಲಿ. ಹುಡುಗ ಸುಸ್ತಾಗಿದ್ದಾನೆ ಅಂದುಕೊಂಡೆ. ಹನ್ನೊಂದು ನಿಮಿಷದ ಹಾಡಲ್ಲವೇ, ಪಾಪ ಅನ್ನಿಸಿತು. ಮೂರು ರಾತ್ರಿ ಕೂತು ಪ್ರತಿ ಪೆಟ್ಟನ್ನೂ ಎಳೆದು 60ಕ್ಕೆ ನೆಟ್ಟಗೆ ಕೂರಿಸಿದೆ. ಅದರ ಜೊತೆಗೆ ಗಿಟಾರು, ಬಾಸು, ದನಿ ಎಲ್ಲವನ್ನೂ ಕತ್ತರಿಸಿ ಜೋಡಿಸಿದೆ. ಗಿಟಾರಿನ ಒಂದೊಂದು ಸ್ವರದ ಬಾಲದಲ್ಲಿ ಆಂಪ್ಲಿಫೈಯರಿನ ಗುಂಯ್‌ಗುಡುವಿಕೆ ಇತ್ತು, ಅದನ್ನು ನಾಯ್ಸ್ ಗೇಟ್ (ಸಣ್ಣ ಸದ್ದನ್ನು ತಡೆಯುವ ಸಾಧನ) ಹಾಕಿ ಮುಚ್ಚಿದೆ. ಕೊನೆಗೆ ಲಿಮಿಟರ್ ಹಾಕಿ, ಜೋರಾದ ಪೆಟ್ಟುಗಳನ್ನು ಅದುಮಿ, ಒಟ್ಟಾರೆ ದೊಡ್ಡ ದನಿ ಮಾಡಿದೆ. ನನ್ನ ಸ್ಪೀಕರಿನಲ್ಲಿ ಅದು ಕನ್ನಡಿಯ ಹಾಗೆ ಇತ್ತು. ಇವತ್ತಿಗೂ ಹೇಳುತ್ತೇನೆ, ಕಸುಬಿನ ಲೆಕ್ಕದಲ್ಲಿ ಅದರಲ್ಲಿ ಬೆರಳಿಟ್ಟು ತೋರಿಸುವಂಥ ತಪ್ಪು ಒಂದೂ ಇರಲಿಲ್ಲ.

ಕೇಳಿಸಿದ ದಿನ ನಾಲ್ವರೂ ಸೋಫಾದಲ್ಲಿ ಒತ್ತಿಕೊಂಡು ಕೂತಿದ್ದರು. ಮೂರನೇ ಹಾಡು ಮುಗಿದಾಗ ಡ್ರಮ್ಮರ್ ಮೊದಲ ಸಲ ಬಾಯಿ ಬಿಟ್ಟ.

“ಅಣ್ಣಾ, ನಾನು ನಿಧಾನ ಆಗ್ತಾ ಹೋಗಿದ್ದೆ. ಇದ್ರಲ್ಲಿ ಎಲ್ಲೂ ಆಗ್ತಾನೇ ಇಲ್ಲ.”

“ಹೂಂ, ಸರಿ ಮಾಡ್ದೆ” ಅಂದೆ, ಹೆಮ್ಮೆಯಿಂದಲೇ.

ಅವನು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ನೆಲ ನೋಡಿ ಹೇಳಿದ: “ನಮ್ಮ ತಾತ ನೀರುಗಂಟಿ. ಕೆರೆ ತುಂಬಿದ್ದಾಗ ತೂಬು ಎತ್ತಿದ್ರೆ ನೀರು ನುಗ್ಗಿ ಬರತ್ತೆ. ಕೆರೆ ಇಳೀತಾ ಇಳೀತಾ ಅದೇ ತೂಬಲ್ಲಿ ನೀರು ನಿಧಾನ ಆಗ್ತಾ ಹೋಗತ್ತೆ. ಕೊನೇಗೆ ತೊಟ್ಟಿಕ್ಕತ್ತೆ, ಆಮೇಲೆ ಅದೂ ಇಲ್ಲ. ನಾನು ಚಿಕ್ಕೋನಿದ್ದಾಗ ತಾತನ ಜೊತೆ ಕೂತು ಆ ಸದ್ದು ಕೇಳಿದೀನಿ. ನಾಲ್ಕು ತಿಂಗಳು ತಾಳ ಹಿಡಿಯೋ ಕ್ಲಿಕ್ ಸದ್ದು ಇಲ್ದೆ ಪ್ರಾಕ್ಟೀಸ್ ಮಾಡಿದ್ದು ಅದನ್ನೇ.”

ನೀರಿನ ಒತ್ತಡ ಅದರ ಎತ್ತರದಿಂದ ಬರುತ್ತದೆ, ಮಟ್ಟ ಇಳಿದ ಹಾಗೆ ತೂಬಿನಿಂದ ಬರುವ ವೇಗವೂ ಇಳಿಯುತ್ತದೆ ಎಂದು ನಾನೂ ಶಾಲೆಯಲ್ಲಿ ಓದಿದ್ದೆ. 64ರಿಂದ 54ಕ್ಕೆ ಇಳಿದ ಆ ಗೆರೆ ನನ್ನ ಪರದೆಯ ಮೇಲೆ ಮೂರು ರಾತ್ರಿ ಕಣ್ಣೆದುರೇ ಇತ್ತು. ಅಷ್ಟು ಒಂದೇ ಸಮನಾಗಿ ಇಳಿಯುವುದು ಸುಸ್ತಾದ ಕೈಯಿಂದ ಆಗುವ ಕೆಲಸವಲ್ಲ. ಸುಸ್ತಾದವನು ಒಮ್ಮೆ ಹಿಂದೆ ಬೀಳುತ್ತಾನೆ, ಒಮ್ಮೆ ಗಾಬರಿಯಲ್ಲಿ ಮುಂದೆ ಓಡುತ್ತಾನೆ. ಇಷ್ಟು ವರ್ಷದ ಅನುಭವ ಇದ್ದವನಿಗೆ ಅದು ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಏಕೆಂದರೆ ನಾನು ಗೆರೆಯನ್ನು ನೋಡಿರಲೇ ಇಲ್ಲ, ಗ್ರಿಡ್ಡಿನಿಂದ ಅದು ಎಷ್ಟು ದೂರ ಇದೆ ಅನ್ನುವುದನ್ನಷ್ಟೇ ನೋಡಿದ್ದೆ.

ಮತ್ತೆ ಮೊದಲಿಂದ ಶುರು. ಹನ್ನೊಂದು ರಾತ್ರಿ ಹಿಡಿಯಿತು, ಅದಕ್ಕೆ ದುಡ್ಡು ಕೇಳಲಿಲ್ಲ. ಈ ಸಲ ಒಂದು ಇಡೀ ಸಂಜೆ ಸಾಫ್ಟ್‌ವೇರ್ ತೆರೆಯದೆ, ಅವರು ಪ್ರಾಕ್ಟೀಸ್ ರೂಮಿನಲ್ಲಿ ಮೊಬೈಲಿನಲ್ಲಿ ಹಿಡಿದಿದ್ದ ರೆಕಾರ್ಡಿಂಗ್ ಕೇಳುತ್ತಾ ಕೂತೆ. ಗದ್ದಲದ ರೆಕಾರ್ಡಿಂಗ್, ಆದರೆ ಹಾಡು ಏನು ಅನ್ನುವುದು ಅದರಲ್ಲಿತ್ತು. 60ರ ಲಯದಲ್ಲಿ ನಾಲ್ಕು ಪೆಟ್ಟಿನ ಒಂದು ಆವರ್ತಕ್ಕೆ ನಾಲ್ಕು ಸೆಕೆಂಡ್ ಬೇಕು. ನಾನು ಮಾಡುವ 30 ಸೆಕೆಂಡಿನ ಜಾಹೀರಾತಿನಲ್ಲಿ ಇವರ ಏಳೂವರೆ ಆವರ್ತ ಮಾತ್ರ ಹಿಡಿಯುತ್ತವೆ. ಇಷ್ಟು ನಿಧಾನದ ಸಂಗೀತದಲ್ಲಿ ಪೆಟ್ಟು ಬೀಳುವುದು ಒಂದು ಕ್ಷಣ, ಮಿಕ್ಕಿದ್ದೆಲ್ಲ ಅದು ಆರಿಹೋಗುವ ಸದ್ದು. ಆರುವ ಸದ್ದನ್ನು ಗೇಟ್ ಹಾಕಿ ಮುಚ್ಚಿದರೆ ಕೇಳುವವನಿಗೆ ಉಳಿಯುವುದಾದರೂ ಏನು? ಗೇಟ್ ತೆಗೆದೆ. ಆಂಪ್ಲಿಫೈಯರಿನ ಗುಂಯ್‌ಗುಡುವಿಕೆ ವಾಪಸ್ ಬಂತು, ತಂಬೂರಿಯ ಹಾಗೆ ಹಿಂದೆ ನಿಂತಿತು.

ಕೆಳಗಿನ ಸ್ಥಾಯಿಯಲ್ಲಿ ಬೇರೆಯದೇ ತೊಡಕು. ಗಿಟಾರಿನ ದಪ್ಪ ತಂತಿಯನ್ನು ಅವರು ಬಿ ಸ್ವರಕ್ಕೆ ಇಳಿಸಿದ್ದರು, ಅಂದರೆ ಸುಮಾರು 62 ಹರ್ಟ್ಜ್. ಬಾಸ್ ಅದಕ್ಕಿಂತ ಒಂದು ಸ್ಥಾಯಿ ಕೆಳಗೆ, 31ರಲ್ಲಿ. ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಕೂಡ ಅಲ್ಲೇ, 50-60ರ ಆಸುಪಾಸು. ಮೂರು ಜನ ಒಂದೇ ಬಾಗಿಲಲ್ಲಿ ನುಗ್ಗಿದಂತೆ. ಗಿಟಾರಿನ ತಳವನ್ನು ಸ್ವಲ್ಪ ತೆಗೆದು ಬಾಸಿಗೆ ಬಿಟ್ಟೆ. ತಳ ಹೋದರೂ ಮೇಲಿನ ಅನುಸ್ವರಗಳಿಂದ (ಹಾರ್ಮೋನಿಕ್ಸ್) ಕಿವಿ ಆ ಕೆಳಗಿನ ಸ್ವರವನ್ನು ತಾನೇ ಕಟ್ಟಿಕೊಳ್ಳುತ್ತದೆ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲೂ ನಮಗೆ ಬಾಸ್ ಇದೆ ಅನ್ನಿಸುವುದು ಇದರಿಂದಲೇ.

ಎರಡನೇ ಮಿಕ್ಸ್ ಅರ್ಧ ಆದಾಗ ಮೇಷ್ಟ್ರು ಒಂದು ಭಾನುವಾರ ಒಬ್ಬರೇ ಬಂದರು. “ಸರ್, ‘ಬತ್ತಿತು’ ಅನ್ನೋ ಕಡೆ ಒತ್ತಕ್ಷರ ಕೇಳ್ತಿಲ್ಲ” ಅಂದರು. ನನಗೆ ಆ ಮಾತು ವಿಚಿತ್ರ ಅನ್ನಿಸಿತು. ಅವರದು ಗ್ರೋಲ್, ನಿಜವಾದ ಧ್ವನಿತಂತುಗಳ ಮೇಲಿರುವ ಮಡಿಕೆಗಳನ್ನು ಅದುರಿಸಿ ತೆಗೆಯುವ ಗುಡುಗಿನಂಥ ದನಿ. ಅದರಲ್ಲಿ ಅಕ್ಷರ ಯಾರಿಗೆ ಕೇಳುತ್ತದೆ ಅಂದುಕೊಂಡಿದ್ದೆ. ಮೇಷ್ಟ್ರು ನನ್ನ ಮುಂದೆ ನಿಂತು ಬರೀ ಬಾಯಲ್ಲಿ ಹೇಳಿ ತೋರಿಸಿದರು. ‘ತ್ತ’ ಅನ್ನುವಾಗ ನಾಲಿಗೆ ಹಲ್ಲಿಗೆ ಒತ್ತಿ ಗಾಳಿ ಪೂರ್ತಿ ನಿಲ್ಲುತ್ತದೆ. ಆ ನಿಂತ ಮೌನವೇ ಒತ್ತು. ನಿಧಾನದ ಹಾಡಿನಲ್ಲಿ ಅವರು ಅದನ್ನು ಅರ್ಧ ಸೆಕೆಂಡಿನಷ್ಟು ಹಿಡಿದಿದ್ದರು, ನೀರು ನಿಂತ ಹಾಗೆ. ಜೋರು, ಮೆಲು ದನಿಗಳ ಅಂತರ ತಗ್ಗಿಸುವ ನನ್ನ ಕಂಪ್ರೆಸರ್, ದನಿ ಕಡಿಮೆಯಾದ ಕೂಡಲೇ ಉಸಿರು, ಕೋಣೆಯ ಸದ್ದು ಎಲ್ಲವನ್ನೂ ಮೇಲೆತ್ತಿ ಆ ಮೌನವನ್ನು ತುಂಬಿಬಿಟ್ಟಿತ್ತು. ಕೇಳಿದವರಿಗೆ ‘ಬತಿತು’ ಅಂತ ಕೇಳುತ್ತಿತ್ತು. ಕೆರೆಯ ಹಾಡಿನಲ್ಲಿ ಇರುವ ಒಂದೇ ಒಂದು ಮುಖ್ಯ ಕ್ರಿಯಾಪದ ಹೋಗಿತ್ತು.

ಕಂಪ್ರೆಸರ್ ತೆಗೆದು, ಪದಪದಕ್ಕೂ ದನಿಯ ಮಟ್ಟದ ಫೇಡರನ್ನು ಕೈಯಲ್ಲೇ ಏರಿಸಿ ಇಳಿಸಿ ಕೂರಿಸಿದೆ. ಎರಡು ರಾತ್ರಿ ಹೋದವು. ಕನ್ನಡದ ಒತ್ತಕ್ಷರಕ್ಕಾಗಿ ಹೀಗೆ ಕೆಲಸ ಮಾಡಬೇಕು ಎಂದು ನನಗೆ ಯಾವ ಟ್ಯುಟೋರಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಈಗ ಭಾವಗೀತೆ ಮಿಕ್ಸ್ ಮಾಡುವಾಗಲೂ ‘ಕ್ಕ’, ‘ಟ್ಟ’, ‘ತ್ತ’ ಬಂದ ಕಡೆಯೆಲ್ಲ ನಿಲ್ಲಿಸಿ ಕೇಳುತ್ತೇನೆ.

ದನಿ ದೊಡ್ಡದು ಮಾಡುವುದನ್ನೂ ಬಿಟ್ಟೆ. ಸ್ಪಾಟಿಫೈ ಹಾಡುಗಳನ್ನೆಲ್ಲ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟಕ್ಕೆ ತಂದು ಕೇಳಿಸುತ್ತದೆ. ಅದಕ್ಕಿಂತ ಜೋರು ಮಾಡಿದ್ದನ್ನು ಅದೇ ಇಳಿಸುವಾಗ, ನಾನು ಹಾಡನ್ನು ಹಿಂಡಿ ಸಾಧಿಸುವುದು ಏನೂ ಇಲ್ಲ.

ಮೂರನೇ ಹಾಡನ್ನು ಎರಡನೇ ಸಲ ಕೇಳಿಸಿದಾಗ ಡ್ರಮ್ಮರ್ ಕಣ್ಣು ಮುಚ್ಚಿಕೊಂಡಿದ್ದ. ಕೊನೆಯ ಎರಡು ಪೆಟ್ಟಿನ ನಡುವೆ ಎಷ್ಟು ಜಾಗ ಇದೆ ಅಂದರೆ ಮುಗಿದೇ ಹೋಯಿತು ಅನ್ನಿಸುತ್ತದೆ, ಆಮೇಲೆ ಒಂದು ಬೀಳುತ್ತದೆ. ಅದು ಬಿದ್ದಾಗ ತಲೆಯಾಡಿಸಿ, “ತಾತ ಕೇಳ್ಬೇಕಿತ್ತು” ಅಂದ. ಅವರು ನೂರು ಕ್ಯಾಸೆಟ್ ಮಾಡಿಸಿದರು, ಒಂದೊಂದು ಬದಿಗೆ ಮೂರು ಹಾಡಿನಂತೆ. ಒಂದು ನನ್ನ ಮೇಜಿನ ಮೇಲಿದೆ.

ಮುಂದಿನ ವಾರವೇ ಒಬ್ಬ ಅಜ್ಜಿ ದೇವರನಾಮ ಹಾಡಲು ಬಂದರು. ಎರಡನೇ ಚರಣದಲ್ಲಿ ತಾಳ ಎಳೆದರು, ಮೂರು ಟೇಕಿನಲ್ಲೂ ಅದೇ ಜಾಗದಲ್ಲಿ, ಅಷ್ಟೇ ನಿಧಾನ. ಮೌಸ್ ಹಿಡಿದ ಕೈ ತೆಗೆದು, ಹಾಡುವವರ ಜೊತೆ ಮಾತಾಡುವ ಟಾಕ್‌ಬ್ಯಾಕ್ ಒತ್ತಿದೆ.

“ಅಮ್ಮಾ, ಅಲ್ಲಿ ಸ್ವಲ್ಪ ನಿಧಾನ ಮಾಡ್ತೀರಲ್ಲ, ಬೇಕು ಅಂತಾನಾ?”

“ಹೂಂ ಕಣಪ್ಪ. ಅಲ್ಲಿ ಸ್ವಾಮಿ ಮೆಟ್ಟಿಲು ಇಳೀತಾನೆ.”