ಸಂಜೆಯ ಘಟಕ, ಮರುದಿನದ ಪೀರಿಯಡ್

ಉಚಿತ ಆನ್‌ಲೈನ್ ಕೋರ್ಸಿಗೆ ಹೆಸರು ಕೊಡಲು ಐದು ನಿಮಿಷ ಸಾಕು. ಅಷ್ಟು ಸಲೀಸಾದ್ದರಿಂದಲೇ ಶಿಕ್ಷಕರು ಒಂದೇ ಸಲಕ್ಕೆ ನಾಲ್ಕೈದಕ್ಕೆ ಸೇರಿಕೊಳ್ಳುತ್ತಾರೆ, ಎರಡನೇ ವಾರ ಬರುವಷ್ಟರಲ್ಲಿ ಎಲ್ಲವೂ ಅರ್ಧಕ್ಕೇ ನಿಂತಿರುತ್ತವೆ. ಇಲ್ಲಿ ಬರೆದಿರುವುದು ಒಂದೇ ಕೋರ್ಸು, ಅದರ ಒಂದೇ ಘಟಕ ಮತ್ತು ಮರುದಿನ ಅದನ್ನು ಬಳಸಿದ ಒಂದು ವಿಜ್ಞಾನ ಪೀರಿಯಡ್ಡಿನ ಬಗ್ಗೆ.

ಆರಿಸಿದ್ದು ತರಗತಿಯಲ್ಲಿ ಪ್ರಶ್ನೆ ಕೇಳುವ ಬಗೆಯನ್ನು ಕಲಿಸುವ ಕೋರ್ಸ್. ಆರಿಸುವಾಗ ಮೊದಲು ನೋಡಬೇಕಾದದ್ದು ಒಟ್ಟು ಗಂಟೆಗಳನ್ನು. ಶಾಲೆ ನಡೆಯುತ್ತಿರುವಾಗ ಎಂಟು ಗಂಟೆಯ ಕೋರ್ಸನ್ನು ಮುಗಿಸಬಹುದು, ಇಪ್ಪತ್ತನಾಲ್ಕು ಗಂಟೆಯದನ್ನು ರಜೆಗೆ ಇಟ್ಟುಕೊಳ್ಳುವುದೇ ವಾಸಿ. ಎರಡನೆಯದಾಗಿ, ‘ಉಚಿತ’ ಎಂದರೆ ಏನೆಂದು ಓದಬೇಕು. ಕೆಲವು ಕಡೆ ಪಾಠ ಉಚಿತ, ಪ್ರಮಾಣಪತ್ರಕ್ಕೆ ಹಣ. ಕೆಲವು ಕಡೆ ಕ್ವಿಜ್ ತೆರೆಯುವುದೇ ಹಣ ಕಟ್ಟಿದ ಮೇಲೆ. ಇನ್ನು ಕೆಲವು ಕಡೆ ಕೆಲವೇ ವಾರಗಳಲ್ಲಿ ಪಾಠಗಳಿಗೆ ಬೀಗ ಬೀಳುತ್ತದೆ. ಸೇರುವಾಗ ಕಾರ್ಡಿನ ನಂಬರ್ ಕೇಳಿದರೆ ಅದು ಉಚಿತ ಕೋರ್ಸಲ್ಲ, ಉಚಿತ ಪ್ರಯೋಗದ ಅವಧಿ. ಅಲ್ಲೇ ಹಿಂದೆ ಬನ್ನಿ. ಹಣ ಕೊಡದೆ ಪಾಠ ನೋಡುವ ದಾರಿ ಇದ್ದರೂ ಅದು ‘ಆಡಿಟ್’ ಎಂಬ ಹೆಸರಿನಲ್ಲಿ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿರುವುದುಂಟು.

ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 2006ರಲ್ಲಿ ಶುರುಮಾಡಿದ ಉಚಿತ ಕೋರ್ಸುಗಳ ತಾಣ ಓಪನ್‌ಲರ್ನ್ ಈ ವಿಷಯದಲ್ಲಿ ನೇರ. ಕೋರ್ಸಿನ ಮೊದಲ ಪುಟದಲ್ಲೇ ಗಂಟೆ, ಮಟ್ಟ ಎರಡೂ ಇರುತ್ತವೆ. ಭಾಗವಹಿಸಿದ್ದಕ್ಕೆ ಪತ್ರವನ್ನೂ ಹಣವಿಲ್ಲದೆ ಕೊಡುತ್ತಾರೆ. ಆದರೆ ನೋಂದಣಿ ಮಾಡಿಕೊಂಡು ಓದಿದ್ದಷ್ಟೇ ಲೆಕ್ಕ. ಲಾಗಿನ್ ಆಗದೆ ಇಡೀ ಕೋರ್ಸ್ ಓದಿ ಮುಗಿಸಿ, ಕೊನೆಗೆ ಪತ್ರ ಬರಲಿಲ್ಲವೆಂದು ಪರದಾಡುವುದು ಇದರಿಂದಲೇ. ಅಂಥ ಪತ್ರ ಪದವಿಯ ಅಂಕಕ್ಕೆ ಸಮವಲ್ಲ. ತರಬೇತಿ ಗಂಟೆಗಳ ಲೆಕ್ಕಕ್ಕೆ ಬೇಕಿದ್ದರೆ ಒಪ್ಪುತ್ತಾರೋ ಇಲ್ಲವೋ ಎಂದು ಸೇರುವ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಪ್ರೊಫೈಲಿನಲ್ಲಿ ಹೆಸರನ್ನು ಸೇವಾ ದಾಖಲೆಯಲ್ಲಿರುವಂತೆಯೇ ಬರೆಯಿರಿ, ಸರ್ಟಿಫಿಕೇಟಿನ ಮೇಲೆ ಅಚ್ಚಾಗುವುದು ಅದೇ. ಶಾಲೆಯ ಇಮೇಲ್ ಬೇಡ, ಸ್ವಂತದ್ದು ಕೊಡಿ. ಶಾಲೆ ಬದಲಾದರೆ ಹಳೆಯ ಇಮೇಲಿನ ಜೊತೆ ಕಲಿತ ದಾಖಲೆಯೂ ಹೋಗುತ್ತದೆ.

ಸಂಜೆಯ ಘಟಕಕ್ಕೆ ಐವತ್ತು ನಿಮಿಷ. ವಿಡಿಯೊ ಹನ್ನೆರಡು ನಿಮಿಷದ್ದಿದ್ದರೆ ಆರು ನಿಮಿಷಕ್ಕೆ ನಿಲ್ಲಿಸಬೇಕು. ಇದು ಅಂದಾಜಿನ ಮಾತಲ್ಲ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ಕೋರ್ಸುಗಳ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನವೊಂದರಲ್ಲಿ, ವಿಡಿಯೊ ಎಷ್ಟೇ ಉದ್ದವಿದ್ದರೂ ಜನ ಸಾಮಾನ್ಯವಾಗಿ ನೋಡಿದ್ದು ಆರು ನಿಮಿಷದೊಳಗೇ. ನಿಲ್ಲಿಸಿ, ಪರದೆ ನೋಡದೆ ನೆನಪಿನಿಂದ ಮೂರು ಸಾಲು ಬರೆದು, ಆಮೇಲೆ ಮುಂದುವರಿಯಿರಿ. ಕ್ವಿಜ್‌ನಲ್ಲೂ ಹಾಗೆಯೇ. ಆಯ್ಕೆಗಳ ಮೇಲೆ ಕೈ ಮುಚ್ಚಿ, ಮೊದಲು ಸ್ವಂತ ಉತ್ತರ ಬರೆಯಬೇಕು. ಹಸಿರು ಗುರುತು ಬರುವವರೆಗೆ ಒಂದೊಂದೇ ಒತ್ತುತ್ತ ಹೋದರೆ ನೂರಕ್ಕೆ ನೂರು ಬರುತ್ತದೆ, ತಲೆಯಲ್ಲಿ ಏನೂ ಉಳಿಯುವುದಿಲ್ಲ.

ಆ ಸಂಜೆಯ ಘಟಕ ಇದ್ದದ್ದು ಕಾಯುವಿಕೆಯ ಮೇಲೆ. ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಕಂಡುಕೊಂಡ ವಿಷಯವಿದು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡು ಕಾಯುವುದೂ ಕಷ್ಟ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ‘ಗೊತ್ತಿಲ್ಲ’ ಕಡಿಮೆಯಾಗುತ್ತದೆ, ಮಕ್ಕಳೇ ಪ್ರಶ್ನೆ ಕೇಳತೊಡಗುತ್ತಾರೆ. ಕಾಯುವ ಜಾಗ ಎರಡು. ಒಂದು ಪ್ರಶ್ನೆಯಾದ ಮೇಲೆ, ಇನ್ನೊಂದು ಮಗು ಉತ್ತರ ಕೊಟ್ಟ ಮೇಲೆ. ಈ ಎರಡನೆಯದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ನನ್ನ ಮಟ್ಟಿಗೆ ಘಟಕದ ಜೀವಾಳವೇ ಅದು.

ಮರುದಿನ ಏಳನೇ ತರಗತಿ. ಮೇಜಿನ ಮೇಲೆ ಐಸ್ ತುಂಬಿದ ಗಾಜಿನ ಲೋಟ, ಹೊರಮೈಯೆಲ್ಲ ಹನಿ. ಪ್ರಶ್ನೆ ಒಂದೇ: “ಈ ನೀರು ಎಲ್ಲಿಂದ ಬಂತು?” ಕೈ ಬೆನ್ನ ಹಿಂದೆ ಕಟ್ಟಿ ಒಂದೊಂದೇ ಬೆರಳು ಮಡಚುವುದು, ಮೂರು ಬೆರಳು ಮಡಚುವವರೆಗೆ ಬಾಯಿ ಬಿಡಕೂಡದು. ಗಡಿಯಾರ ನೋಡಿದರೆ ಮಕ್ಕಳೂ ಗಡಿಯಾರ ನೋಡುತ್ತಾರೆ, ಅದಕ್ಕೇ ಬೆರಳು. ಆ ಮೂರು ಸೆಕೆಂಡು ನಿಜಕ್ಕೂ ಉದ್ದ. ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಮತ್ತೆ ಕೇಳಬೇಕೆಂದು ನಾಲಿಗೆ ತುರಿಸುತ್ತದೆ. ಹಾಗೆ ಕೇಳಿದರೆ ಮಗು ಯೋಚನೆಯನ್ನು ಮೊದಲಿನಿಂದ ಶುರುಮಾಡಬೇಕಾಗುತ್ತದೆ, ಕೆಡುವುದು ಇಲ್ಲೇ.

“ಒಳಗಿನ ನೀರು ಸೋರಿದೆ ಮಿಸ್” ಎಂದಳು ಒಬ್ಬಳು. ಇದಕ್ಕೆ ‘ಸರಿ’ ಎಂದರೂ ‘ತಪ್ಪು’ ಎಂದರೂ ಚರ್ಚೆ ಮುಗಿಯಿತು. ತಲೆಯಾಡಿಸಿದರೂ ಅಷ್ಟೇ, ಮುಖವನ್ನು ಮಕ್ಕಳು ಓದಿಬಿಡುತ್ತಾರೆ. ಮತ್ತೆ ಮೂರು ಬೆರಳು. ಹಿಂದಿನ ಬೆಂಚಿನಿಂದ ಇನ್ನೊಂದು ದನಿ: “ಸೋರಿದ್ರೆ ಲೋಟದ ತಳದಲ್ಲಿ ಮಾತ್ರ ಇರಬೇಕಿತ್ತಲ್ಲ?” ಪಕ್ಕದವನು ಹೇಳಿದ, “ಒಳಗೆ ಬಣ್ಣ ಹಾಕಿ ನೋಡೋಣ.” ಪಾಠದ ಯೋಜನೆಯಲ್ಲಿ ಬಣ್ಣದ ನೀರು ಇರಲಿಲ್ಲ.

ಇದನ್ನು ಮಾಡಿನೋಡುವವರು ಪೀರಿಯಡ್ಡಿನ ಹತ್ತು ನಿಮಿಷವನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಕೇಳಿದ ಮೇಲೆ ಅಳಿಸಿಬಿಡಿ. ಎಷ್ಟು ಕಾದೆವು ಎಂಬ ನಮ್ಮ ಅಂದಾಜು ನಂಬುವಂಥದ್ದಲ್ಲ. ಇನ್ನೊಂದು ಮಾತು: ‘ಏಳು ಆರಲಿ ಎಷ್ಟು’ ಎಂಬಂಥ ಪ್ರಶ್ನೆಗೆ ಮೂರು ಸೆಕೆಂಡು ಕಾದು ಪ್ರಯೋಜನವಿಲ್ಲ. ಯೋಚಿಸಲು ಏನಾದರೂ ಇರುವ ಪ್ರಶ್ನೆ ಬೇಕು, ಪೀರಿಯಡ್ಡಿಗೆ ಅಂಥವು ಎರಡು ಸಾಕು.

ಘಟಕದ ಕೊನೆಗೆ ಅಸೈನ್‌ಮೆಂಟ್ ಇತ್ತು, ಸಹಪಾಠಿಗಳೇ ನೋಡಿ ಅಂಕ ಕೊಡುವಂಥದ್ದು. ಗಡುವು ದಾಟಿಸಿದರೆ ನೋಡುವವರೇ ಸಿಗುವುದಿಲ್ಲ, ತಂಡ ಮುಂದಿನ ವಾರಕ್ಕೆ ಹೋಗಿರುತ್ತದೆ. ಬರೆಯುವ ಮೊದಲು ಅಂಕದ ಮಾನದಂಡ ಓದಿಕೊಳ್ಳಿ. ‘ತರಗತಿ ಚೆನ್ನಾಗಿ ನಡೆಯಿತು’ ಎಂಬ ಸಾಲಿಗೆ ಯಾರೂ ಏನೂ ಹೇಳಲಾರರು. ಮಗು ಆಡಿದ ಮಾತನ್ನು ಹೆಸರು ಬಿಟ್ಟು ಇದ್ದಂತೆಯೇ ಬರೆದರೆ ಉಪಯೋಗಕ್ಕೆ ಬರುವ ಟಿಪ್ಪಣಿ ಬರುತ್ತದೆ.

ಮೂರನೇ ದಿನ ಮಕ್ಕಳು ಕೆಂಪು ಶಾಯಿ ಬೆರೆಸಿದ ನೀರಿಗೆ ಐಸ್ ಹಾಕಿ, ಹೊರಗಿನ ಹನಿಯನ್ನು ಬಿಳಿ ಕಾಗದದಿಂದ ಒರೆಸಿದರು. ಕಾಗದ ಒದ್ದೆಯಾಯಿತು, ಕೆಂಪಾಗಲಿಲ್ಲ. “ಹಾಗಾದ್ರೆ ಗಾಳಿಯಿಂದ್ಲಾ?” ಎಂದು ಕೇಳಿದ್ದು ಮೊದಲ ದಿನ ಸೋರಿದೆ ಎಂದಿದ್ದ ಹುಡುಗಿಯೇ.